ವೇಷ ಮತ್ತು ನೆನಪು: ಲಂಡನ್ನಿನ ಕಾರ್ನಿವಲ್ ಉತ್ಸವ ಕುರಿತು ಒಂದು ವಿಮರ್ಶೆ

೧

ಕಾವ್ಯ, ನಾಟಕ, ಕಾದಂಬರಿಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಒಂದು ನಗರದ ಬೀದಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಉತ್ಸವವನ್ನು ಹಾಗೆ ಎತ್ತಿಕೊಳ್ಳುವುದು ಅಪರೂಪ. ಆದರೆ ಉತ್ಸವವೂ ಒಂದು ಕೃತಿಯೇ ಆಗಿದೆ. ಅದಕ್ಕೆ ಕರ್ತೃಗಳುಂಟು; ಪಾತ್ರಗಳುಂಟು; ಗೀತ ವಾದ್ಯ ನೃತ್ಯಗಳುಂಟು; ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬರುವ ಪಾಠಾಂತರಗಳೂ ಉಂಟು. ನಮ್ಮ ಆಲಂಕಾರಿಕರು ಕಾವ್ಯದಲ್ಲಿ ವಾಚ್ಯಾರ್ಥವೇ ಬೇರೆ, ಧ್ವನಿಯೇ ಬೇರೆ ಎಂದು ವಿವೇಚಿಸಿದರು. ಉತ್ಸವದಲ್ಲಿಯೂ ಕಣ್ಣಿಗೆ ಕಾಣುವ ಸಂಭ್ರಮ ಒಂದು. ಆ ಸಂಭ್ರಮದ ಒಡಲಿನಿಂದ ಹೊಮ್ಮುವ ಅರ್ಥ ಇನ್ನೊಂದು. ಮೊದಲನೆಯದನ್ನು ನೋಡಲು ಕಣ್ಣಿದ್ದರೆ ಸಾಕು. ಎರಡನೆಯದನ್ನು ಗ್ರಹಿಸಲು ಆ ಜನರ ಚರಿತ್ರೆಯ ಪರಿಚಯ ಬೇಕು.

ಈ ದೃಷ್ಟಿಯಿಂದ ಲಂಡನ್ ನಗರದ ನಾಟಿಂಗ್ ಹಿಲ್ ಕಾರ್ನಿವಲ್ ಉತ್ಸವವನ್ನು ಇಲ್ಲಿ ಪರಿಶೀಲಿಸಬೇಕೆಂದು ನಮ್ಮ ಅಪೇಕ್ಷೆ. ಆಗಸ್ಟ್ ತಿಂಗಳ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ, ಹೀಗೆ ಎರಡು ದಿನ, ನಗರದ ಪಶ್ಚಿಮ ಭಾಗದ ಬೀದಿಗಳಲ್ಲಿ ಅದು ನಡೆಯುತ್ತದೆ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದು ನೆಲೆಸಿದವರು, ಅವರ ಮಕ್ಕಳು, ಮೊಮ್ಮಕ್ಕಳು ವೇಷ ಕಟ್ಟಿ, ವಾದ್ಯ ಬಾರಿಸಿ, ಕುಣಿಯುತ್ತ ಮೆರವಣಿಗೆಯಲ್ಲಿ ಸಾಗುತ್ತಾರೆ. ಎರಡು ದಿನಗಳಲ್ಲಿ ಸೇರುವ ಜನಸಂಖ್ಯೆಯನ್ನು ಸುಮಾರು ಹತ್ತು ಲಕ್ಷವೆಂದು ಅಂದಾಜು ಮಾಡುವುದುಂಟು. ಆಫ್ರಿಕ ಮತ್ತು ಕೆರಿಬಿಯನ್ ಪರಂಪರೆಯನ್ನು ಒಂದು ಮಹಾನಗರವು ಬಹಿರಂಗವಾಗಿ ಕೊಂಡಾಡುವ ಸಂದರ್ಭಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದುದು ಯುರೋಪಿನಲ್ಲಿ ಮತ್ತೊಂದಿಲ್ಲ.

ಈ ಉತ್ಸವದ ವಾಚ್ಯ ನಲಿವು. ಅದರ ಧ್ವನಿ ನೆನಪು. ನಲಿವನ್ನು ಬೇಡವೆನ್ನುವ ನಗರ ಯಾವುದೂ ಇಲ್ಲ. ನೆನಪನ್ನು ಬರಮಾಡಿಕೊಳ್ಳುವುದು ಮಾತ್ರ ಕಠಿನ; ಏಕೆಂದರೆ ಆ ನೆನಪಿನಲ್ಲಿ ನಗರವೂ ಒಬ್ಬ ಪಾತ್ರಧಾರಿ. ನೆನಪನ್ನು ಹೊರಗೆ ನಿಲ್ಲಿಸಿ ನಲಿವನ್ನಷ್ಟೆ ಒಳಗೆ ಕರೆದರೆ ಪರಂಪರೆಯನ್ನು ಗೌರವಿಸಿದಂತಾಗುವುದಿಲ್ಲ. ಅದರ ಉಡುಪನ್ನು ಎರವಲು ಪಡೆದಂತಾಗುತ್ತದೆ. ನಮ್ಮ ವಿಮರ್ಶೆಯ ಮುಖ್ಯ ಪ್ರಮೇಯವಿದು.

೨

ಈ ಕೃತಿಯ ಮೂಲಪಾಠ ಲಂಡನ್ನಿನದಲ್ಲ, ಟ್ರಿನಿಡಾಡ್ ದ್ವೀಪದ್ದು. ಕ್ರೈಸ್ತರ ನಲವತ್ತು ದಿನಗಳ ಉಪವಾಸಕಾಲಕ್ಕೆ ಮುಂಚೆ ವಿನೋದ ವಿಹಾರಗಳಲ್ಲಿ ಕಳೆಯುವ ದಿನಗಳಿಗೆ ಕಾರ್ನಿವಲ್ ಎಂದು ಹೆಸರು. ೧೭೮೩ರ ಅನಂತರ ಸ್ಪೇನಿನ ಆಳ್ವಿಕೆಯಲ್ಲಿದ್ದ ಆ ದ್ವೀಪಕ್ಕೆ ವಲಸೆ ಬಂದ ಫ್ರೆಂಚ್ ತೋಟದೊಡೆಯರು ಮುಖವಾಡ ಧರಿಸಿ ತಮ್ಮ ಮನೆಗಳಲ್ಲಿ ಕುಣಿತದ ಕೂಟಗಳನ್ನು ಏರ್ಪಡಿಸುತ್ತಿದ್ದರು. ೧೭೯೭ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರಿಗೆ ಆ ಕೂಟಗಳಲ್ಲಿ ಸ್ಥಾನವಿರಲಿಲ್ಲ. ಒಡೆಯರು ಮಾತ್ರ ವಿನೋದಕ್ಕಾಗಿ ಗುಲಾಮರ ವೇಷವನ್ನು ಹಾಕಿಕೊಳ್ಳುವುದಿತ್ತು. ದುಃಖವನ್ನು ಉಂಡವನು ಒಬ್ಬ, ಅದರ ವೇಷ ತೊಟ್ಟು ನಗುವವನು ಇನ್ನೊಬ್ಬ ಎಂಬ ವಿಪರ್ಯಾಸ ಈ ಉತ್ಸವದ ಮೊದಲ ಅಂಕದಲ್ಲಿಯೇ ಉಂಟು.

ಗುಲಾಮಗಿರಿ ೧೮೩೪ರಲ್ಲಿ ಕಾನೂನಿನಿಂದ ರದ್ದಾಯಿತು. ಆದರೆ ಜನ ನಿಜವಾಗಿ ಬಿಡುಗಡೆ ಹೊಂದಿದುದು ೧೮೩೮ರಲ್ಲಿ. ಆಗ ಉತ್ಸವ ಒಡೆಯರ ಹಜಾರದಿಂದ ಬೀದಿಗೆ ಇಳಿಯಿತು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗುಲಾಮರನ್ನು ರಾತ್ರೋರಾತ್ರಿ ಎಬ್ಬಿಸಿ, ಕೊಂಬೂದಿ, ಚಾವಟಿ ಬೀಸಿ, ಪಂಜಿನ ಬೆಳಕಿನಲ್ಲಿ ಕಬ್ಬನ್ನು ಕಡಿಸುತ್ತಿದ್ದರು. ಬಿಡುಗಡೆಯಾದ ಜನ ಆ ಭೀಕರ ರಾತ್ರಿಯನ್ನೇ ಬೀದಿಯಲ್ಲಿ ಆಡಿ ತೋರಿಸಿದರು. ಸುಟ್ಟ ಕಬ್ಬು ಎಂಬರ್ಥದ ಫ್ರೆಂಚ್ ಮಾತಿನಿಂದ ಆ ಮೆರವಣಿಗೆಗೆ ಕಾನ್‌ಬುಲೇ ಎಂದು ಹೆಸರಾಯಿತು. ತಮ್ಮನ್ನು ಬಡಿದು ಎಬ್ಬಿಸಿದ ಪಂಜು ಈಗ ತಮ್ಮ ಕೈಯಲ್ಲಿ. ತಮ್ಮ ಬೆನ್ನಿನ ಮೇಲೆ ಆಡಿದ ಚಾವಟಿ ಈಗ ತಮ್ಮ ಆಟದ ಸಾಮಗ್ರಿ. ನೆನಪು ನಲಿವಾಗಿ ರೂಪಾಂತರ ಹೊಂದಿದುದು ಈ ಬಗೆಯಿಂದ.

ಆಡಳಿತಕ್ಕೆ ಇದು ಹಿಡಿಸಲಿಲ್ಲ. ೧೮೮೧ರಲ್ಲಿ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಪೊಲೀಸರಿಗೂ ಕಾನ್‌ಬುಲೇ ಮೆರವಣಿಗೆಯವರಿಗೂ ದೊಡ್ಡ ಘರ್ಷಣೆ ನಡೆಯಿತು. ಆ ದಶಕದಲ್ಲಿಯೇ ಪಂಜು ಹಿಡಿಯುವುದನ್ನೂ ಚರ್ಮವಾದ್ಯ ಬಾರಿಸುವುದನ್ನೂ ಶಾಸನದಿಂದ ತಡೆದರು. ಚರ್ಮವಾದ್ಯ ಹೋಯಿತು, ತಾಳ ಹೋಗಲಿಲ್ಲ. ಜನ ಬಿದಿರಿನ ಬೊಂಬುಗಳನ್ನು ಬೇರೆ ಬೇರೆ ಅಳತೆಗೆ ಕಡಿದು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ೧೯೩೦ರ ದಶಕದಲ್ಲಿ ಬಿಸ್ಕತ್ತಿನ ಡಬ್ಬಿ, ಕಸದ ಡಬ್ಬಿ, ಮೋಟಾರಿನ ಹಳೆಯ ಬಿಡಿಭಾಗಗಳು ಬಂದುವು. ೧೯೪೦ರ ದಶಕದಲ್ಲಿ ಐವತ್ತೈದು ಗ್ಯಾಲನ್ನಿನ ಎಣ್ಣೆಯ ಪೀಪಾಯಿ ಬಂದಿತು. ಅದರ ತಳವನ್ನು ಬಡಿದು ತಗ್ಗು ಮಾಡಿ, ಬೆಂಕಿಯಲ್ಲಿ ಕಾಯಿಸಿ, ಒಂದೊಂದು ಸ್ವರಕ್ಕೆ ಒಂದೊಂದು ಮನೆಯನ್ನು ತಟ್ಟಿ ಕಲ್ಪಿಸಿ ಸ್ಟೀಲ್‌ಪ್ಯಾನ್ ಎಂಬ ಹೊಸ ವಾದ್ಯವನ್ನು ನಿರ್ಮಿಸಿದರು. ವಿನ್ಸ್‌ಟನ್ ಸೈಮನ್, ಎಲಿ ಮ್ಯಾನೆಟ್ ಮೊದಲಾದವರ ಹೆಸರು ಈ ಸಂಬಂಧದಲ್ಲಿ ಸ್ಮರಣೀಯ. ಅವರು ಸಂಗೀತಶಾಲೆಗಳಲ್ಲಿ ಕಲಿತವರಲ್ಲ, ಬಡ ಕೇರಿಗಳ ತರುಣರು. ಒಂದು ನಿಷೇಧದಿಂದ ಒಂದು ವಾದ್ಯ ಹುಟ್ಟಿದುದು ಸಂಗೀತದ ಚರಿತ್ರೆಯಲ್ಲಿ ವಿಶೇಷವಾದ ಸಂಗತಿ. ೧೯೯೨ರಲ್ಲಿ ಟ್ರಿನಿಡಾಡ್ ಅದನ್ನು ತನ್ನ ರಾಷ್ಟ್ರೀಯ ವಾದ್ಯವೆಂದು ಘೋಷಿಸಿತು.

೩

ಈ ಪರಂಪರೆ ಲಂಡನ್ನಿಗೆ ಬಂದ ಬಗೆಯನ್ನು ಇನ್ನು ನೋಡೋಣ. ೧೯೪೮ರ ಜೂನ್ ೨೨ರಂದು ಎಂಪೈರ್ ವಿಂಡ್‌ರಷ್ ಎಂಬ ಹಡಗಿನಿಂದ ವೆಸ್ಟ್ ಇಂಡೀಸಿನ ೮೦೦ಕ್ಕೂ ಹೆಚ್ಚು ಮಂದಿ ಟಿಲ್‌ಬರಿ ಬಂದರಿನಲ್ಲಿ ಇಳಿದರು. ಲಾರ್ಡ್ ಕಿಚನರ್ ಎಂಬ ಬಿರುದಿನ ಕ್ಯಾಲಿಪ್ಸೊ ಗಾಯಕ ಅವರಲ್ಲಿ ಒಬ್ಬ. ಕ್ಯಾಲಿಪ್ಸೊ ಎಂದರೆ ಅಂದಂದಿನ ಸಂಗತಿಗಳನ್ನು ವ್ಯಂಗ್ಯ ವಿನೋದಗಳಿಂದ ಹೆಣೆದು ಹಾಡುವ ಟ್ರಿನಿಡಾಡಿನ ಲಾವಣಿ. ಹಡಗುಕಟ್ಟೆಯಲ್ಲಿ ವಾರ್ತಾಚಿತ್ರದವರ ಮುಂದೆ ಆತ ಲಂಡನ್ನನ್ನು ಹೊಗಳಿ ಹಾಡಿದ. ಯುದ್ಧದಿಂದ ಜರ್ಝರಿತವಾಗಿದ್ದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದುವು. ಆಸ್ಪತ್ರೆ, ಬಸ್ಸು, ರೈಲು, ಕಾರ್ಖಾನೆಗಳಲ್ಲಿ ಈ ಜನ ದುಡಿದರು. ಆದರೆ ಬಾಡಿಗೆಗೆ ಮನೆ ಕೇಳಲು ಹೋದಾಗ ಬಾಗಿಲುಗಳು ಮುಚ್ಚಿದುವು. ಆಗ ನಾಟಿಂಗ್ ಹಿಲ್ ಇಂದಿನಂತೆ ಶ್ರೀಮಂತರ ಬಡಾವಣೆಯಾಗಿರಲಿಲ್ಲ. ಶಿಥಿಲವಾದ ಮನೆಗಳನ್ನು ಕೋಣೆ ಕೋಣೆಯಾಗಿ ಒಡೆದು ಮಿತಿಮೀರಿದ ಬಾಡಿಗೆಗೆ ಕೊಡುತ್ತಿದ್ದ ಕೇರಿ ಅದು.

೧೯೫೮ರ ಆಗಸ್ಟ್ ಕೊನೆಯಲ್ಲಿ ಬಿಳಿಯರ ಗುಂಪುಗಳು ಅಲ್ಲಿನ ಕರಿಯರ ಮೇಲೂ ಅವರ ಮನೆಗಳ ಮೇಲೂ ಬಿದ್ದುವು. ದೊಂಬಿ ಹಲವು ರಾತ್ರಿಗಳ ಕಾಲ ನಡೆಯಿತು. ಈ ಗಾಯ ಹಸಿಯಾಗಿದ್ದಾಗಲೇ ಕ್ಲಾಡಿಯಾ ಜೋನ್ಸ್ ಎಂಬ ಮಹಿಳೆ ಒಂದು ಅಪೂರ್ವ ಕಾರ್ಯಕ್ಕೆ ಕೈಹಾಕಿದರು. ಆಕೆ ೧೯೧೫ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಕಮ್ಯೂನಿಸ್ಟ್ ನಿಲುವಿಗಾಗಿ ಸೆರೆವಾಸ ಅನುಭವಿಸಿ, ೧೯೫೫ರಲ್ಲಿ ಅಲ್ಲಿಂದ ಹೊರದೂಡಲ್ಪಟ್ಟು ಲಂಡನ್ನಿಗೆ ಬಂದವರು. ೧೯೫೮ರಲ್ಲಿ ‘ವೆಸ್ಟ್ ಇಂಡಿಯನ್ ಗೆಜೆಟ್’ ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. ದೊಂಬಿಗೆ ಉತ್ತರವಾಗಿ ಸಭೆ ಸೇರಿಸಿ ಠರಾವು ಮಾಡಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಅವರು ಏರ್ಪಡಿಸಿದುದು ಒಂದು ಕಾರ್ನಿವಲ್.

೧೯೫೯ರ ಜನವರಿ ೩೦ರಂದು ಸೇಂಟ್ ಪಾಂಕ್ರಾಸ್ ಪುರಭವನದಲ್ಲಿ ಅದು ನಡೆಯಿತು. ಹೊರಗೆ ಲಂಡನ್ನಿನ ಚಳಿಗಾಲ. ಆದುದರಿಂದ ಉತ್ಸವ ಛಾವಣಿಯ ಕೆಳಗೆ. ಎಡ್ರಿಕ್ ಕಾನರ್ ಅದರ ನಿರ್ದೇಶಕರು. ಬಾಸ್ಕೊ ಹೋಲ್ಡರ್ ಅವರ ನೃತ್ಯಮಂಡಲಿ, ಕ್ಲಿಯೋ ಲೇನ್ ಅವರ ಗಾಯನ, ಮೈಟಿ ಟೆರರ್ ಎಂಬ ಗಾಯಕನ ಕ್ಯಾಲಿಪ್ಸೊ ಇವೆಲ್ಲ ಅಂದಿನ ಕಾರ್ಯಕ್ರಮದಲ್ಲಿದ್ದುವು. ಬಿ.ಬಿ.ಸಿ. ದೂರದರ್ಶನ ಅದನ್ನು ಪ್ರಸಾರ ಮಾಡಿತು. ಒಂದು ಜನಾಂಗದ ಕಲೆಯಲ್ಲಿಯೇ ಅದರ ಸ್ವಾತಂತ್ರ್ಯದ ಬೀಜವಿದೆ ಎಂಬ ಭಾವದ ಮಾತನ್ನು ಅಂದಿನ ಕಿರುಹೊತ್ತಗೆಯಲ್ಲಿ ಧ್ಯೇಯವಾಕ್ಯವಾಗಿ ಅಚ್ಚುಹಾಕಿಸಿದ್ದರು. ಅದೇ ಹೊತ್ತಗೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಅದರ ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲು ನಾಟಿಂಗ್ ಹಿಲ್ ಪ್ರಕರಣಗಳಲ್ಲಿ ಸಿಲುಕಿದ ಕರಿಯ ಮತ್ತು ಬಿಳಿಯ ತರುಣರ ದಂಡವನ್ನು ತುಂಬಲು ವಿನಿಯೋಗವಾಗಲಿತ್ತು. ಕರಿಯ ಮತ್ತು ಬಿಳಿಯ ಎಂಬ ಮಾತನ್ನು ವಾಚಕರು ಗಮನಿಸಬೇಕು. ಹಬ್ಬದ ಸೊಬಗು, ಹಗೆಯ ಗಾಯ, ದಂಡದ ಲೆಕ್ಕ ಈ ಮೂರೂ ಒಂದೇ ಹೊತ್ತಗೆಯೊಳಗೆ ಕೂಡಿದ್ದುವು. ಉತ್ಸವದ ವಾಚ್ಯವನ್ನೂ ಧ್ವನಿಯನ್ನೂ ಇಷ್ಟು ಸ್ಪಷ್ಟವಾಗಿ ಒಂದುಗೂಡಿಸಿದ ದಾಖಲೆಯನ್ನು ಬೇರೆಲ್ಲಿಯೂ ನಾವು ಕಂಡಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಆ ಪ್ರದೇಶದಲ್ಲಿಯೇ ಆಂಟಿಗುವ ದ್ವೀಪದ ಬಡಗಿ ಕೆಲ್ಸೊ ಕಾಕ್ರೇನ್ ಎಂಬಾತನನ್ನು ಬಿಳಿಯ ತರುಣರ ಗುಂಪು ಇರಿದು ಕೊಂದಿತು. ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಒಂದು ಉತ್ಸವದಿಂದ ಹಗೆ ಅಳಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಕ್ಲಾಡಿಯಾ ಜೋನ್ಸ್ ಅವರಿಗೆ ಇದು ತಿಳಿಯದ ವಿಷಯವಾಗಿರಲಾರದು. ಆದರೂ ಅವರು ೧೯೬೪ರಲ್ಲಿ ತೀರಿಕೊಳ್ಳುವವರೆಗೆ ವರ್ಷ ವರ್ಷವೂ ಈ ಒಳಾಂಗಣ ಉತ್ಸವಗಳನ್ನು ನಡೆಸಿದರು. ಹೈಗೇಟ್ ಶ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಅವರ ಸಮಾಧಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

೪

ಉತ್ಸವ ಛಾವಣಿಯನ್ನು ಬಿಟ್ಟು ಬೀದಿಗೆ ಬಂದುದು ೧೯೬೬ರಲ್ಲಿ, ರೋನ್ ಲಾಸ್ಲೆಟ್ ಎಂಬ ಸಮಾಜಸೇವಕಿಯ ಪ್ರಯತ್ನದಿಂದ. ಆಕೆ ವೆಸ್ಟ್ ಇಂಡೀಸಿನವರಲ್ಲ. ಕೇರಿಯ ಬಡಮಕ್ಕಳಿಗಾಗಿ, ಅಲ್ಲಿ ನೆಲೆಸಿದ್ದ ನಾನಾ ದೇಶದ ಜನ ಒಬ್ಬರನ್ನೊಬ್ಬರು ಅರಿಯಲೆಂದು ಆಕೆ ಒಂದು ಜಾತ್ರೆಯನ್ನು ಹೂಡಿದರು. ಟ್ರಿನಿಡಾಡಿನ ರಸೆಲ್ ಹೆಂಡರ್ಸನ್ ಮತ್ತು ಸಂಗಡಿಗರು ಸ್ಟೀಲ್‌ಪ್ಯಾನ್ ನುಡಿಸಲು ಬಂದರು. ಅವರಲ್ಲಿದ್ದ ಸ್ಟರ್ಲಿಂಗ್ ಬೆಟನ್‌ಕೋರ್ಟ್ ೧೯೫೧ರ ಬ್ರಿಟನ್ ಮಹೋತ್ಸವಕ್ಕೆ ಬಂದಿದ್ದ ಮೊದಲ ಸ್ಟೀಲ್‌ಪ್ಯಾನ್ ತಂಡದವರು. ನಿಂತಲ್ಲಿಯೇ ನುಡಿಸುವುದನ್ನು ಬಿಟ್ಟು ಹೆಂಡರ್ಸನ್ ತಂಡ ವಾದ್ಯಗಳನ್ನು ಕೊರಳಿಗೆ ತೂಗಿಕೊಂಡು ಬೀದಿಯಲ್ಲಿ ನಡೆಯತೊಡಗಿತು. ಜನ ಹಿಂದೆ ನಡೆದರು. ಪೂರ್ವಯೋಜನೆಯಿಲ್ಲದ ಆ ನಡಿಗೆಯಲ್ಲಿ ಟ್ರಿನಿಡಾಡಿನ ಬೀದಿ ಲಂಡನ್ನಿನಲ್ಲಿ ಪುನಃ ಹುಟ್ಟಿತು. ಮರುವರ್ಷ ಲೀಡ್ಸ್ ನಗರದಲ್ಲಿಯೂ, ೧೯೬೮ರಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಕೇರಿಯಲ್ಲಿಯೂ ಇಂಥ ಉತ್ಸವಗಳು ಮೊದಲಾದುವು.

ಹೀಗೆ ಈ ಕೃತಿಗೆ ಕರ್ತೃಗಳು ಒಬ್ಬರಿಗಿಂತ ಹೆಚ್ಚು. ಕ್ಲಾಡಿಯಾ ಜೋನ್ಸ್ ಮೊದಲಿಗರೋ ರೋನ್ ಲಾಸ್ಲೆಟ್ ಮೊದಲಿಗರೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಬೀಜ ಹಾಕಿದವರನ್ನೂ ನೀರೆರೆದವರನ್ನೂ ಜಗಳಕ್ಕೆ ನಿಲ್ಲಿಸುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಮುಖ್ಯವಾದ ಮಾತೆಂದರೆ, ಒಬ್ಬರು ಉತ್ಸವಕ್ಕೆ ಅರ್ಥವನ್ನು ಕೊಟ್ಟರು; ಇನ್ನೊಬ್ಬರು ಬೀದಿಯನ್ನು ಕೊಟ್ಟರು. ಮೂರನೆಯವರಾದ ಲೆಸ್ಲಿ ಪಾಮರ್ ೧೯೭೩ರಿಂದ ೧೯೭೫ರವರೆಗೆ ಅದಕ್ಕೆ ವಿಸ್ತಾರವನ್ನು ಕೊಟ್ಟರು. ಟ್ರಿನಿಡಾಡಿನ ವೇಷ ಮತ್ತು ಸ್ಟೀಲ್‌ಪ್ಯಾನ್‌ಗಳ ಜೊತೆಗೆ ಜಮೈಕದ ತರುಣರು ಮೆಚ್ಚುವ ಧ್ವನಿವರ್ಧಕ ಮಂಡಲಿಗಳನ್ನೂ ಅವರು ಬರಮಾಡಿಕೊಂಡರು. ಒಂದು ಚಲಿಸುವ ಕಲೆ, ಇನ್ನೊಂದು ಬೀದಿಯ ಮೂಲೆಯಲ್ಲಿ ಗೋಡೆಯಂತೆ ನಿಲ್ಲುವ ಕಲೆ. ಇವೆರಡೂ ಕೂಡಿದುದರಿಂದ ಉತ್ಸವ ಒಂದು ದ್ವೀಪದ ಸೊತ್ತಾಗಿ ಉಳಿಯದೆ ಲಂಡನ್ನಿನಲ್ಲಿಯೇ ಹುಟ್ಟಿದ ಮಕ್ಕಳದೂ ಆಯಿತು.

ವಿಸ್ತಾರ ಹೆಚ್ಚಿದಂತೆ ಪೊಲೀಸರ ಶಂಕೆಯೂ ಹೆಚ್ಚಿತು. ೧೯೭೬ರಲ್ಲಿ ಸುಮಾರು ೩,೦೦೦ ಪೊಲೀಸರನ್ನು ನಿಯೋಜಿಸಿದರು. ಕೊನೆಯ ದಿನ ಪೊಲೀಸರಿಗೂ ಕರಿಯ ತರುಣರಿಗೂ ದೊಡ್ಡ ಕಾಳಗವೇ ನಡೆದು ಎರಡೂ ಕಡೆಯವರು ಗಾಯಗೊಂಡರು. ಅಂದಿನಿಂದ ಪತ್ರಿಕೆಗಳಲ್ಲಿ ಕಾರ್ನಿವಲ್ ಎಂದರೆ ಬಂಧನಗಳ ಸಂಖ್ಯೆ ಎಂಬಂತಾಯಿತು. ೧೮೮೧ ಮತ್ತು ೧೯೭೬ ಈ ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ದೇಶ ಬದಲಾದರೂ ಕಥಾವಸ್ತು ಬದಲಾಗಲಿಲ್ಲವೆಂಬುದು ಹೊಳೆಯದಿರದು.

೫

ಇನ್ನು ಕಲೆಯ ಗುಣದೋಷಗಳನ್ನು ಕುರಿತು ಒಂದೆರಡು ಮಾತು. ಟ್ರಿನಿಡಾಡಿನ ಹಳೆಯ ವೇಷಗಳಲ್ಲಿ ಪ್ರತಿಯೊಂದಕ್ಕೂ ಒಂದು ಅರ್ಥವಿತ್ತು. ಮೈಗೆ ಕಾಕಂಬಿ ಬಳಿದುಕೊಂಡು ಕುಣಿಯುವ ಜಾಬ್ ಮೊಲಾಸಿ ಎಂಬ ದೆವ್ವ ಕಬ್ಬಿನ ಗಾಣದ ನೆನಪು. ಡೇಮ್ ಲೊರೇನ್ ಎಂಬ ಉಬ್ಬಿದ ಎದೆಯ, ಉಬ್ಬಿದ ನಿತಂಬದ ದೊರೆಸಾನಿ ತೋಟದೊಡೆಯರ ಹೆಂಡಿರ ಅಣಕ. ಅಗಲವಾದ ಅಂಚಿನ ಟೋಪಿ ಧರಿಸಿ ಬ್ರಹ್ಮಾಂಡವನ್ನೇ ನುಂಗುವೆನೆಂದು ಬಡಾಯಿ ಕೊಚ್ಚುವ ನಡುರಾತ್ರಿಯ ದರೋಡೆಗಾರ ಮಾತಿನ ಮಲ್ಲ. ಮರಗಾಲು ಕಟ್ಟಿ ಮನೆಯ ಸೂರಿನೆತ್ತರಕ್ಕೆ ನಡೆಯುವ ಮೊಕೊ ಜಂಬಿ ಪಶ್ಚಿಮ ಆಫ್ರಿಕದಿಂದ ಬಂದವನು. ಈಗ ಕಾಣುವ ವೇಷಗಳಲ್ಲಿ ಬಹುಪಾಲು ಮಣಿ ಮತ್ತು ಗರಿಗಳ ಮಿರುಗು. ಅರ್ಥವನ್ನು ಬಿಟ್ಟು ಅಂದವನ್ನು ಹಿಡಿದರೆಂಬ ಆಕ್ಷೇಪ ಟ್ರಿನಿಡಾಡಿನಲ್ಲಿಯೂ ಲಂಡನ್ನಿನಲ್ಲಿಯೂ ಕೇಳಿಬರುತ್ತಿದೆ. ಲಾರಿಗಳ ಮೇಲಿನ ಧ್ವನಿವರ್ಧಕಗಳ ಅಬ್ಬರದಲ್ಲಿ ಸ್ಟೀಲ್‌ಪ್ಯಾನಿನ ಇನಿದನಿ ಮುಳುಗುತ್ತದೆಂಬ ವ್ಯಥೆಯೂ ಇದೆ.

ಈ ಆಕ್ಷೇಪದಲ್ಲಿ ಸತ್ಯಾಂಶವಿದ್ದರೂ ಅದೇ ಪೂರ್ಣಸತ್ಯವಲ್ಲ. ಯಾರ ಮುತ್ತಜ್ಜಿಯರ ದೇಹಗಳನ್ನು ತೋಟದೊಡೆಯರು ದನಕರುಗಳ ಜೊತೆಗೆ ಆಸ್ತಿಯ ಪಟ್ಟಿಯಲ್ಲಿ ಬರೆದಿಟ್ಟಿದ್ದರೋ, ಅಂಥವರ ಮೊಮ್ಮಗಳು ತನ್ನ ಮೈ ತನ್ನದೆಂದು ಹಗಲ ಬೆಳಕಿನಲ್ಲಿ ಬೀದಿಯ ನಡುವೆ ಕುಣಿಯುವುದು ಬರಿಯ ವಿಲಾಸವಲ್ಲ. ಅಲ್ಲಿಯೂ ಧ್ವನಿಯಿದೆ. ದೋಷವಿರುವುದು ಗರಿಯಲ್ಲಲ್ಲ. ಕಟ್ಟಿದವನ ಕೈಗೂ ತೊಟ್ಟವಳ ಮೈಗೂ ಸಂಬಂಧ ಕಡಿದು, ಉಡುಪು ಅಂಗಡಿಯ ಸರಕಾದಾಗ ದೋಷ ಉಂಟಾಗುತ್ತದೆ. ತಿಂಗಳುಗಟ್ಟಲೆ ಒಂದೆಡೆ ಕೂಡಿ ತಂತಿ ಬಾಗಿಸಿ, ಬಟ್ಟೆ ಹೊಲಿದು, ಮಣಿ ಪೋಣಿಸುವ ತಂಡಗಳು ಲಂಡನ್ನಿನಲ್ಲಿ ಇನ್ನೂ ಇವೆ. ಅಲ್ಲಿ ಹಿರಿಯರು ಕೈಗೆಲಸದೊಡನೆ ಕಥೆಯನ್ನೂ ಕಿರಿಯರಿಗೆ ದಾಟಿಸುತ್ತಾರೆ. ಭಾನುವಾರವನ್ನು ವಿಶೇಷವಾಗಿ ಮಕ್ಕಳಿಗೂ ಸಂಸಾರಗಳಿಗೂ ಮೀಸಲಿಟ್ಟಿರುವ ಸಂಪ್ರದಾಯದ ಮಹತ್ವವೂ ಇದೇ ಆಗಿದೆ.

ಟ್ರಿನಿಡಾಡಿನ ಕಾದಂಬರಿಕಾರ ಅರ್ಲ್ ಲವ್‌ಲೇಸ್ ಅವರು ೧೯೭೯ರಲ್ಲಿ ಪ್ರಕಟಿಸಿದ ‘ದಿ ಡ್ರ್ಯಾಗನ್ ಕಾಂಟ್ ಡ್ಯಾನ್ಸ್’ ಎಂಬ ಕೃತಿ ಇದೇ ಸಮಸ್ಯೆಯನ್ನು ಕುರಿತದ್ದು. ಆಲ್ಡ್ರಿಕ್ ಎಂಬಾತ ಕಾಲ್ವರಿ ಹಿಲ್ ಎಂಬ ಬಡ ಕೇರಿಯಲ್ಲಿ ವಾಸಿಸುವವನು. ಪ್ರತಿವರ್ಷ ಕಾರ್ನಿವಲ್ಲಿಗಾಗಿ ಬೆಂಕಿಯುಗುಳುವ ಡ್ರ್ಯಾಗನ್ ಎಂಬ ಮಹಾಸರ್ಪದ ವೇಷವನ್ನು ತನ್ನ ಕೈಯಾರೆ ಹೊಲಿಯುವುದೊಂದೇ ಅವನ ಕಾಯಕ. ಒಂದೊಂದು ಹುರುಪೆಯನ್ನು ಹೊಲಿಯುವಾಗಲೂ ತನ್ನ ಜನರ ಚರಿತ್ರೆಯನ್ನೇ ಹೊಲಿಯುವಂತೆ ಅವನಿಗೆ ಅನ್ನಿಸುತ್ತದೆ. ಕೇರಿಯ ವಾದ್ಯತಂಡಕ್ಕೆ ವ್ಯಾಪಾರಸ್ಥರು ಪ್ರಾಯೋಜಕರಾಗಿ ಬರುತ್ತಾರೆ. ಹಣ ಬರುತ್ತದೆ, ಸಮವಸ್ತ್ರ ಬರುತ್ತದೆ, ಹಳೆಯ ಕೆಚ್ಚು ಹೋಗುತ್ತದೆ. ಇನ್ನು ಯಾರೂ ಹೆದರದ ಡ್ರ್ಯಾಗನ್ ಕುಣಿದು ಫಲವೇನು ಎಂಬ ಪ್ರಶ್ನೆಯ ಎದುರು ಆಲ್ಡ್ರಿಕ್ ನಿಲ್ಲುತ್ತಾನೆ. ಲವ್‌ಲೇಸ್ ಅವರು ಹಳೆಯ ಕೆಚ್ಚನ್ನೂ ಕುರುಡಾಗಿ ಹೊಗಳುವುದಿಲ್ಲ. ಎರಡು ದಿನ ಡ್ರ್ಯಾಗನ್ನಾಗಿ ಮೆರೆದು ಮಿಕ್ಕ ದಿನಗಳಲ್ಲಿ ಬಾಳನ್ನು ಎದುರಿಸಲಾರದ ಮನುಷ್ಯನ ಕೊರತೆಯನ್ನೂ ಅವರು ತೋರಿಸುತ್ತಾರೆ.

ಆ ಕಾದಂಬರಿಯ ಇನ್ನೊಂದು ಪಾತ್ರ ನಮ್ಮ ವಾಚಕರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಪರಿಯಾಗ್ ಎಂಬ ಭಾರತೀಯ ಮೂಲದ ತರುಣ ಕಬ್ಬಿನ ಸೀಮೆಯ ಹಳ್ಳಿಯಿಂದ ಹೆಂಡತಿಯೊಡನೆ ಅದೇ ಕೇರಿಗೆ ಬಂದು ನೆಲೆಸುತ್ತಾನೆ. ಒಂದೇ ವಠಾರದಲ್ಲಿದ್ದರೂ ನೆರೆಯವರಿಗೆ ಅವನು ಕಾಣಿಸುವುದಿಲ್ಲ. ತನ್ನನ್ನು ಅವರು ಕಾಣಲಿ ಎಂದು ಒಂದು ಹೊಸ ಸೈಕಲ್ ಕೊಂಡು ತರುತ್ತಾನೆ. ಅದನ್ನೂ ಯಾರೋ ಜಜ್ಜಿಹಾಕುತ್ತಾರೆ. ತುಳಿತಕ್ಕೆ ಒಳಗಾದವರ ಹಬ್ಬದಲ್ಲಿಯೂ ಹೊರಗೆ ಉಳಿಯುವವನೊಬ್ಬ ಇರಬಹುದು ಎಂಬ ಈ ದರ್ಶನ ಕಾದಂಬರಿಯ ಹಿರಿಮೆ. ೧೮೪೫ರಿಂದ ಭಾರತದ ಕರಾರು ಕೂಲಿಗಳು ಟ್ರಿನಿಡಾಡಿಗೆ ಹೋದರು. ಅವರು ಒಯ್ದ ಮೊಹರಂ ಅಲ್ಲಿ ‘ಹೊಸೇ’ ಎಂಬ ಹೆಸರಿನಿಂದ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ನಡೆಸುವ ಮೆರವಣಿಗೆಯಾಯಿತು. ೧೮೮೪ರ ಅಕ್ಟೋಬರ್ ೩೦ರಂದು ಸ್ಯಾನ್ ಫರ್ನಾಂಡೊ ಪಟ್ಟಣವನ್ನು ಪ್ರವೇಶಿಸಕೂಡದೆಂಬ ಆಜ್ಞೆಯನ್ನು ಮೀರಿದ ಆ ಮೆರವಣಿಗೆಯ ಮೇಲೆ ಗುಂಡು ಹಾರಿಸಿದುದರಿಂದ ಹಲವರು ಮಡಿದರು. ಆಫ್ರಿಕದವರ ಪಂಜನ್ನು ಕಂಡು ಹೆದರಿದ ಆಡಳಿತವೇ ಭಾರತೀಯರ ತಾಜಿಯಾವನ್ನು ಕಂಡೂ ಹೆದರಿತು. ಅಲಾಯಿ ದೇವರ ಮುಂದೆ ಎಲ್ಲ ಜಾತಿಯವರೂ ಹೆಜ್ಜೆ ಹಾಕುವುದನ್ನು ಕಂಡಿರುವ ನಮ್ಮ ಗಡಿಸೀಮೆಯ ವಾಚಕರಿಗೆ ಈ ಸಂಗತಿ ಪರಕೀಯವೆನಿಸಲಾರದು.

೬

ಈಗ ನಗರದ ಕಡೆಗೆ ತಿರುಗೋಣ. ನಾಟಿಂಗ್ ಹಿಲ್ ಕಾರ್ನಿವಲ್ಲನ್ನು ಕುರಿತು ಎರಡು ಬಗೆಯ ಮಾತು ಬಹುಕಾಲದಿಂದ ಪ್ರಚಾರದಲ್ಲಿವೆ. ಅದೊಂದು ಪೊಲೀಸ್ ಸಮಸ್ಯೆ ಎಂಬುದು ಮೊದಲನೆಯ ಪಕ್ಷ. ಅದು ನಗರದ ವರ್ಣವೈವಿಧ್ಯದ ಜಾಹೀರಾತು, ವ್ಯಾಪಾರಕ್ಕೆ ಲಾಭ ಎಂಬುದು ಎರಡನೆಯದು. ಮೊದಲನೆಯ ಪಕ್ಷವನ್ನು ಸಾರಾಸಗಟಾಗಿ ತಳ್ಳಿಹಾಕುವುದು ಪ್ರಾಮಾಣಿಕವಾಗದು. ೨೦೦೦ದಲ್ಲಿಯೂ ೨೦೨೪ರಲ್ಲಿಯೂ ಉತ್ಸವದ ನಡುವೆ ಕೊಲೆಗಳಾದುವು. ಕಿರಿದಾದ ಬೀದಿಗಳಲ್ಲಿ ಅಪಾರ ಜನ ಸೇರಿದಾಗ ಕಾಲ್ತುಳಿತದ ಭಯವೂ ನಿಜವಾದುದೇ. ಇದಕ್ಕೆ ಪರಿಹಾರವೆಂದು ಉತ್ಸವವನ್ನು ಹೈಡ್ ಪಾರ್ಕಿನಂಥ ಬಯಲಿಗೆ ಒಯ್ಯಬೇಕೆಂಬ ಸೂಚನೆ ಆಗಾಗ್ಗೆ ಬಂದಿದೆ. ಸುರಕ್ಷಿತತೆಯ ಏರ್ಪಾಡುಗಳು ಎಷ್ಟು ಬಿಗಿಯಾದರೂ ನಮ್ಮ ತಕರಾರಿಲ್ಲ. ಆದರೆ ತೇರನ್ನು ತೇರಬೀದಿಯಿಂದ ಎತ್ತಿ ಮೈದಾನದಲ್ಲಿ ನಿಲ್ಲಿಸಿದರೆ ಅದು ವಸ್ತುಪ್ರದರ್ಶನದ ಸಾಮಗ್ರಿಯಾದೀತು, ತೇರಾಗದು. ೧೯೫೮ರಲ್ಲಿ ಯಾವ ಬೀದಿಗಳಲ್ಲಿ ಕರಿಯರು ಪ್ರಾಣಭಯದಿಂದ ಓಡಿದರೋ ಆ ಬೀದಿಗಳಲ್ಲಿಯೇ ಅವರು ಕುಣಿಯುವುದರಲ್ಲಿ ಔಚಿತ್ಯವಿದೆ. ಸ್ಥಳವೇ ಇಲ್ಲಿ ಅರ್ಧ ಕಾವ್ಯ.

ಎರಡನೆಯ ಪಕ್ಷ ಮೇಲುನೋಟಕ್ಕೆ ಸೌಮ್ಯ. ಪರಿಣಾಮದಲ್ಲಿ ಹೆಚ್ಚು ಅಪಾಯಕರ. ಅದಕ್ಕೆ ಒಂದು ಕಠೋರ ದೃಷ್ಟಾಂತವಿದೆ. ಲಂಡನ್ ವರ್ಷವರ್ಷವೂ ಕಾರ್ನಿವಲ್ಲಿನ ಬಣ್ಣವನ್ನು ಲೋಕಕ್ಕೆ ತೋರಿಸುತ್ತಿದ್ದ ಕಾಲದಲ್ಲಿಯೇ ಅಲ್ಲಿನ ಸರಕಾರದ ಗೃಹ ಇಲಾಖೆ, ಬಾಲ್ಯದಲ್ಲಿ ತಂದೆತಾಯಿಯರೊಡನೆ ನ್ಯಾಯವಾಗಿ ಬಂದು ಐವತ್ತು ವರ್ಷ ದುಡಿದ ವೆಸ್ಟ್ ಇಂಡೀಸ್ ಜನರನ್ನು, ನಿಮ್ಮಲ್ಲಿ ಕಾಗದಪತ್ರಗಳಿಲ್ಲ, ನೀವು ಅಕ್ರಮ ನಿವಾಸಿಗಳು ಎಂದು ನಡೆಸಿಕೊಂಡಿತು. ಕೆಲವರ ಉದ್ಯೋಗ ಹೋಯಿತು, ಕೆಲವರಿಗೆ ಚಿಕಿತ್ಸೆ ತಪ್ಪಿತು, ಕೆಲವರನ್ನು ಬಂಧಿಸಿದರು, ಕೆಲವರನ್ನು ದೇಶದಿಂದಲೇ ಅಟ್ಟಿದರು. ಅವರು ಬಂದಿಳಿದುದಕ್ಕೆ ಸಾಕ್ಷಿಯಾಗಿದ್ದ ಹಳೆಯ ಆಗಮನ ಚೀಟಿಗಳನ್ನು ಅದೇ 이ಲಾಖೆ ೨೦೧೦ರಲ್ಲಿ ನಾಶಪಡಿಸಿತ್ತು. ೨೦೧೮ರಲ್ಲಿ ಈ ಅನ್ಯಾಯ ಬಯಲಾಗಿ ಸರಕಾರ ಕ್ಷಮೆ ಕೇಳಿತು. ಜೂನ್ ೨೨ನ್ನು ವಿಂಡ್‌ರಷ್ ದಿನವೆಂದು ಸಾರಿದುದೂ ಅದೇ ವರ್ಷ. ೨೦೨೨ರಲ್ಲಿ ವಾಟರ್‌ಲೂ ರೈಲು ನಿಲ್ದಾಣದಲ್ಲಿ ಸ್ಮಾರಕವೊಂದನ್ನೂ ಅನಾವರಣ ಮಾಡಿದರು. ದಿನಾಚರಣೆ ಒಳ್ಳೆಯದು, ಸ್ಮಾರಕವೂ ಒಳ್ಳೆಯದು. ಆದರೆ ಒಂದು ಕೈಯಿಂದ ಹಾರ ಹಾಕಿ ಇನ್ನೊಂದು ಕೈಯಿಂದ ಬಾಗಿಲು ತೋರಿಸುವ ಆತಿಥ್ಯವನ್ನು ಪರಂಪರೆಯ ಗೌರವವೆಂದು ಕರೆಯಲಾಗದು. ಹಬ್ಬದಲ್ಲಿ ವೇಷ ನೋಡಿ ಚಪ್ಪಾಳೆ ತಟ್ಟುವುದು ಸುಲಭ. ವೇಷ ಕಳಚಿದ ಮೇಲೆ ಅದೇ ಮನುಷ್ಯ ಕಚೇರಿಯ ಕಿಟಕಿಯ ಮುಂದೆ ನಿಂತಾಗ ಅವನನ್ನು ಗುರುತಿಸುವುದು ಕಷ್ಟ. ನಗರದ ಪರೀಕ್ಷೆ ಆ ಕಿಟಕಿಯಲ್ಲಿದೆ.

ಮಾನವಶಾಸ್ತ್ರಜ್ಞ ಆಬ್ನರ್ ಕೋಹೆನ್ ಅವರು ಈ ಉತ್ಸವವನ್ನು ಹಲವು ವರ್ಷ ಅಧ್ಯಯನ ಮಾಡಿ ೧೯೯೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕಾರ್ನಿವಲ್ ಬರಿಯ ಕಲೆಯೂ ಅಲ್ಲ, ಬರಿಯ ರಾಜಕಾರಣವೂ ಅಲ್ಲ. ಒಂದನ್ನು ಇನ್ನೊಂದಕ್ಕೆ ಇಳಿಸಲಾಗದಂತೆ ಎರಡೂ ಅದರಲ್ಲಿ ಹೆಣೆದುಕೊಂಡಿವೆ ಎಂಬುದು ಅವರ ನಿಲುವಿನ ಸಾರ. ನಾವು ಅದಕ್ಕೆ ಸಮ್ಮತಿಸುತ್ತೇವೆ. ಧ್ವನಿಯನ್ನು ವಾಚ್ಯದಿಂದ ಬೇರೆ ಮಾಡಿ ತಟ್ಟೆಯಲ್ಲಿಟ್ಟು ತೋರಿಸಲಾಗುವುದಿಲ್ಲವಷ್ಟೆ.

೭

ಧ್ವನಿ ಇನ್ನೂ ಜೀವಂತವಾಗಿದೆಯೇ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ತಿಳಿಸುವುದು ಯುಕ್ತ. ೨೦೧೭ರ ಜೂನ್ ೧೪ರಂದು ನಾಟಿಂಗ್ ಹಿಲ್ಲಿಗೆ ಹತ್ತಿರದ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿಕಟ್ಟಡ ಹೊತ್ತಿ ಉರಿದು ೭೨ ಮಂದಿ ಪ್ರಾಣಬಿಟ್ಟರು. ಅಲ್ಲಿ ನೆಲೆಸಿದ್ದವರಲ್ಲಿ ನಾನಾ ದೇಶಗಳಿಂದ ಬಂದವರು ಬಹಳ ಮಂದಿ. ಆ ವರ್ಷ ಆಗಸ್ಟಿನಲ್ಲಿ ಕಾರ್ನಿವಲ್ ನಿಲ್ಲಲಿಲ್ಲ. ಆದರೆ ಮಧ್ಯಾಹ್ನ ಮೂರು ಗಂಟೆಗೆ ವಾದ್ಯಗಳೆಲ್ಲ ನಿಂತುವು. ಧ್ವನಿವರ್ಧಕಗಳು ಸುಮ್ಮನಾದುವು. ಗರಿಯ ಕಿರೀಟ ತೊಟ್ಟವರೂ ಪೊಲೀಸರೂ ನೋಡಬಂದವರೂ ಒಂದು ನಿಮಿಷ ಮೌನವಾಗಿ ನಿಂತರು. ಮುಂದಿನ ವರ್ಷಗಳಲ್ಲಿ ಆ ಮೌನ ೭೨ ಸೆಕೆಂಡುಗಳದಾಯಿತು. ಮಡಿದ ಒಬ್ಬೊಬ್ಬರಿಗೆ ಒಂದೊಂದು ಸೆಕೆಂಡು. ಜಾಹೀರಾತಿಗೆ ಮೌನ ಗೊತ್ತಿಲ್ಲ. ಲಕ್ಷಾಂತರ ಜನರ ನಡುವೆ, ನಲಿವಿನ ತುತ್ತತುದಿಯಲ್ಲಿ, ಥಟ್ಟನೆ ನಿಂತು ನೆನೆಯಬಲ್ಲ ಉತ್ಸವವನ್ನು ಪರಂಪರೆಯೆಂದು ಕರೆಯಲು ನಮಗೆ ಯಾವ ಸಂಕೋಚವೂ ಇಲ್ಲ.

ಕೊನೆಯದಾಗಿ ನಮ್ಮ ಉಪಾಧ್ಯಾಯ ಬಂಧುಗಳಿಗೂ ವಿದ್ಯಾರ್ಥಿ ಮಿತ್ರರಿಗೂ ಒಂದು ವಿಜ್ಞಾಪನೆ. ಆಫ್ರಿಕದ ಪರಂಪರೆ ಕಡಲಾಚೆಯದೆಂದು ಭಾವಿಸಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ತುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳವಿದೆ. ೨೦೦೩ರಲ್ಲಿ ಆ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ದಮಾಮಿ ವಾದ್ಯದೊಡನೆ ಅವರು ಕುಣಿಯುವುದನ್ನು ಉತ್ಸವಗಳ ವೇದಿಕೆಗಳಲ್ಲಿ ನಮ್ಮಲ್ಲಿ ಅನೇಕರು ನೋಡಿರಬಹುದು. ನೋಡಿ ಮೆಚ್ಚಿದುದು ತಪ್ಪಲ್ಲ. ಆದರೆ ಮುಂದಿನ ಸಲ ಆ ಕುಣಿತವನ್ನು ಪಾಠದಲ್ಲಿ ಪ್ರಸ್ತಾಪಿಸುವ ಉಪಾಧ್ಯಾಯರು, ಅವರು ಹೇಗೆ ಕುಣಿಯುತ್ತಾರೆಂಬುದರ ಜೊತೆಗೆ ಅವರು ಈ ಕಾಡಿಗೆ ಹೇಗೆ ಬಂದರು, ಈಗ ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದನ್ನೂ ತರಗತಿಯಲ್ಲಿ ಕೇಳಲಿ. ಕ್ಲಾಡಿಯಾ ಜೋನ್ಸ್ ಅವರ ಕಿರುಹೊತ್ತಗೆಯಲ್ಲಿ ಹಾಡಿನ ಪಟ್ಟಿಯ ಪಕ್ಕದಲ್ಲಿಯೇ ದಂಡದ ಲೆಕ್ಕವೂ ಇತ್ತೆಂಬುದನ್ನು ನಾವು ಮರೆಯದಿರೋಣ.